ಒಂಬತ್ತು ಇಂಚಿನ ಪುಲ್ಲಿ

ಆ ಮೋಟಾರು ಎರಡನೇ ಸಲ ಅಂಗಡಿಗೆ ಬಂದಾಗ ಗಾಳೆಪ್ಪನಿಗೆ ಅನುಮಾನ ಬಂದಿತ್ತು. ಮೂರನೇ ಸಲ ಬಂದಾಗ ಅನುಮಾನ ಉಳಿಯಲಿಲ್ಲ.

ಹೊಸಪೇಟೆಯಿಂದ ಸಂಡೂರಿನ ಕಡೆ ಹೊರಡುವ ರಸ್ತೆಯ ಬಲಕ್ಕೆ ಅವನ ವೈಂಡಿಂಗ್ ಅಂಗಡಿ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕಟ್ಟುವ ಜಾಗ. ಇಪ್ಪತ್ತು ವರ್ಷ ಅವನು ಕಟ್ಟಿದ್ದೆಲ್ಲ ಕಂಪ್ಲಿ, ಮೆಟ್ರಿ ಕಡೆಯ ಭತ್ತದ ಗದ್ದೆಗಳ ಪಂಪಿನ ಮೋಟಾರುಗಳು, ನಡುನಡುವೆ ಅಕ್ಕಿ ಗಿರಣಿಯವು. ಗುಡ್ಡದ ಅದಿರಿಗೆ ಎಲ್ಲಿಲ್ಲದ ಬೇಡಿಕೆ ಬಂದು, ರಸ್ತೆಯ ಮೇಲೆ ಲಾರಿಗಳ ಸಾಲು ಕಡಿಯದಂತಾದ ಮೇಲೆ ಬೇರೆ ನಮೂನೆಯ ಮೋಟಾರುಗಳು ಇಳಿಯತೊಡಗಿದವು. ಕ್ರಷರಿನವು, ಜರಡಿಯವು, ಕನ್ವೇಯರಿನವು. ಒಂದೊಂದರ ಮೇಲೂ ಬೆರಳು ದಪ್ಪ ಕೆಂಪು ದೂಳು. ಗಾಳೆಪ್ಪ ಮೊದಲು ಬ್ರಷ್ ಹಿಡಿದು ಅದನ್ನೆಲ್ಲ ಉದುರಿಸಿ, ಆಮೇಲೆ ಮುಚ್ಚಳ ಬಿಚ್ಚುತ್ತಿದ್ದ.

ಸುಟ್ಟ ಮೋಟಾರನ್ನು ಬಿಚ್ಚಿ ನೋಡಿದರೆ ಅದು ಯಾಕೆ ಸುಟ್ಟಿತೆಂದು ಅವನಿಗೆ ತಿಳಿದುಬಿಡುತ್ತಿತ್ತು. ಕರೆಂಟಿನ ಮೂರು ಫೇಸಿನಲ್ಲಿ ಒಂದು ತಪ್ಪಿದ್ದರೆ ಒಳಗಿನ ತಂತಿಯ ಸುರುಳಿಗಳಾದ ಕಾಯಿಲುಗಳಲ್ಲಿ ಕೆಲವು ಕರ್ರಗಾಗಿ, ಉಳಿದವು ಹೊಸದರಂತೆ ಹೊಳೆಯುತ್ತಿದ್ದವು. ನೀರು ಹೊಕ್ಕಿದ್ದರೆ ಒಂದೇ ಮೂಲೆಯಲ್ಲಿ ಗಾಯ. ಸಂಡೂರಿನ ಆಚೆ, ಗುಡ್ಡದ ಬುಡದ ಪ್ಲಾಂಟಿನಿಂದ ಬರುತ್ತಿದ್ದ ಈ ಹದಿನೈದು ಎಚ್‌ಪಿ ಮೋಟಾರು ಮಾತ್ರ ಮೂರು ಸಲವೂ ಒಂದೇ ತೆರನಾಗಿ ಸುಟ್ಟಿತ್ತು. ಸುತ್ತಲೂ ಸಮನಾಗಿ, ಹಂಚಿನ ಮೇಲೆ ಮರೆತ ರೊಟ್ಟಿಯ ಹಾಗೆ. ಅಂದರೆ ಮೋಟಾರಿನಲ್ಲಿ ಏನೂ ಐಬಿಲ್ಲ. ಅದರ ತಾಕತ್ತಿಗೆ ಮೀರಿದ ಭಾರವನ್ನು ಯಾರೋ ಅದಕ್ಕೆ ಹೊರಿಸುತ್ತಿದ್ದಾರೆ.

ಮೋಟಾರನ್ನು ಟೆಂಪೋದಲ್ಲಿ ಹೇರಿಕೊಂಡು ಬರುತ್ತಿದ್ದವನು ಪ್ಲಾಂಟಿನ ಎಲೆಕ್ಟ್ರೀಷಿಯನ್ ಅಂಜಿನಯ್ಯ. ದರೋಜಿಯವನು, ಮೂವತ್ತರ ಆಸುಪಾಸು. ವೈರು, ಸ್ಟಾರ್ಟರು, ಸ್ವಿಚ್ಚು ಎಲ್ಲ ಬಲ್ಲವನು. ಗೇರು, ಪುಲ್ಲಿಗಳ ಸುದ್ದಿಗೆ ಹೋದವನಲ್ಲ. ಅದು ಫಿಟ್ಟರುಗಳ ಕೆಲಸ ಎನ್ನುತ್ತಿದ್ದ. ಮೋಟಾರು ಇಳಿಸಿದ ಮೇಲೆ ವಾಪಸು ಹೋಗುತ್ತಿರಲಿಲ್ಲ. ಕಟ್ಟಿ ಮುಗಿಯುವ ತನಕ ಎರಡು ದಿನ ಅಂಗಡಿಯ ಬೆಂಚಿನ ಮೇಲೆಯೇ ಅವನ ಠಿಕಾಣಿ. ಕಾಯಿಲಿಗೆ ನೂಲು ಬಿಗಿಯುವುದು, ವಾರ್ನಿಷ್ ಹಚ್ಚುವುದು, ಯಾರೂ ಹೇಳದಿದ್ದರೂ ಕೈ ಹಾಕುತ್ತಿದ್ದ. ಹೆಂಡತಿ ಸುಮಲತಾ ಕಟ್ಟಿಕೊಟ್ಟ ಡಬ್ಬಿಯಲ್ಲಿ ಗಾಳೆಪ್ಪನ ಪಾಲಿನ ಎರಡು ರೊಟ್ಟಿ ಇದ್ದೇ ಇರುತ್ತಿದ್ದವು.

"ಅಣ್ಣಾ, ನಿಮ್ಮ ಕೈ ಬಿಟ್ರ ಈ ಮೋಟಾರು ಬ್ಯಾರೆದವರ ಕೈಗೆ ಹತ್ತಂಗಿಲ್ಲ ನೋಡ್ರಿ," ಎಂದು ಅವನು ನಗುತ್ತಿದ್ದ. "ಮ್ಯಾನೇಜರು ಅಂತಾರ, ಹೊಸಾದು ತರೋದು ಬ್ಯಾಡ, ಗಾಳೆಪ್ಪ ಕಟ್ಟಿದ್ದು ಹೊಸಾದಕ್ಕಿಂತ ಚಲೋ ಓಡ್ತದ ಅಂತ."

ಗಾಳೆಪ್ಪನಿಗೆ ಹೊಗಳಿಕೆ ಬೇಕಿತ್ತು. ಅಂಥ ಮಾತು ಕೇಳಿದಾಗ ಅವನು ತಲೆಯೆತ್ತದೆ ತಂತಿ ಸುತ್ತುತ್ತಲೇ ಇರುತ್ತಿದ್ದ. ಆದರೆ ಸುತ್ತುಗಳ ಎಣಿಕೆ ಒಂದು ಕ್ಷಣ ತಪ್ಪುತ್ತಿತ್ತು.

ಆ ಮೂರನೇ ಸಲ ಅಂಜಿನಯ್ಯ ಒತ್ತಾಯ ಮಾಡಿ ಅವನನ್ನೂ ಪ್ಲಾಂಟಿಗೆ ಕರೆದುಕೊಂಡು ಹೋದ. "ಒಮ್ಮೆ ನೀವೇ ಕೂಡ್ಸಿ ಹೋಗ್ರಿ ಅಣ್ಣಾ, ನಂಗೂ ಸಮಾಧಾನ" ಅಂದ. ಎರಡು ಸಾವಿರದ ಏಳನೇ ಇಸವಿ, ಶ್ರಾವಣದ ಮೋಡ ಗುಡ್ಡದ ನೆತ್ತಿಯ ಮೇಲೆ ಕೂತಿತ್ತು. ಕ್ರಷರಿನಲ್ಲಿ ಪುಡಿಯಾದ ಅದಿರನ್ನು ಏರಿನಲ್ಲಿ ಹೊತ್ತೊಯ್ದು ರಾಶಿಯ ಮೇಲೆ ಸುರಿಯುವ ಕನ್ವೇಯರು ಮೋಟಾರಿಲ್ಲದೆ ನಿಂತಿತ್ತು. ಕನ್ವೇಯರಿನ ಬುಡದಲ್ಲಿ ಗೇರ್‌ಬಾಕ್ಸು. ಅದರ ಪಕ್ಕದಲ್ಲಿ ಮೋಟಾರಿನ ಜಾಗ. ಮೋಟಾರಿನ ಪುಲ್ಲಿಗೂ ಗೇರ್‌ಬಾಕ್ಸಿನ ಪುಲ್ಲಿಗೂ ನಾಲ್ಕು ರಬ್ಬರ್ ಬೆಲ್ಟು, ಅವಕ್ಕೆ ಯಾರ ಕೈಯೂ ಸಿಗದಂತೆ ಮುಚ್ಚುವ ಕಬ್ಬಿಣದ ಜಾಲರಿ.

ಮೋಟಾರು ಕೂರಿಸುವಾಗ ಗಾಳೆಪ್ಪನ ಕಣ್ಣು ಮೋಟಾರಿನ ಕಡೆಯ ಪುಲ್ಲಿಯ ಮೇಲೆ ಬಿತ್ತು. ಸುತ್ತಲಿನ ಕಬ್ಬಿಣವೆಲ್ಲ ದೂಳು, ತುಕ್ಕು. ಅದೊಂದೇ ನೀಲಿ ಬಣ್ಣ ಮಾಸದೆ ಹೊಸದಾಗಿತ್ತು. ಗೇಣು ಹಾಕಿ ನೋಡಿದ. ಒಂಬತ್ತು ಇಂಚು. ಶೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದ ಹಳೆಯದು ಆರು ಇಂಚಿನದು.

"ಇದನ್ನ ಯಾವಾಗ ಹಾಕ್ಸಿದ್ರಿ?"

"ಹೋದ ವರ್ಷ ದೀಪಾವಳಿ ಮುಂದ. ಕನ್ವೇಯರು ಭಾಳ ಮೆಲ್ಲಗ ಹೊಂಟೈತಿ, ಲಾರಿ ಕಾಯ್ತಾವು ಅಂತ ಯಾರೋ ಅಂದ್ರು. ಫಿಟ್ಟರು ದೊಡ್ಡ ಪುಲ್ಲಿ ಹಾಕಿದ. ಈಗ ಮಸ್ತ್ ಓಡ್ತದ ನೋಡ್ರಿ."

ಮೊದಲ ಸಲ ಮೋಟಾರು ಸುಟ್ಟದ್ದು ಆ ದೀಪಾವಳಿ ಕಳೆದು ಎರಡು ತಿಂಗಳಿಗೆ. ಗಾಳೆಪ್ಪನಿಗೆ ಲೆಕ್ಕ ಮಾಡಲು ಕಾಗದ ಬೇಕಾಗಲಿಲ್ಲ. ಹುಡುಗನಾಗಿದ್ದಾಗ ಕಂಪ್ಲಿಯ ಅಕ್ಕಿ ಗಿರಣಿಯ ಫೋರ್‌ಮನ್ ಕೊಟ್ರಯ್ಯನವರ ಕೈ ಕೆಳಗೆ ಕಲಿತ ಮೊದಲ ಪಾಠವೇ ಅದಾಗಿತ್ತು. ಮೋಟಾರಿನ ಕಡೆಯ ಪುಲ್ಲಿ ಸಣ್ಣದಿದ್ದರೆ ಮೋಟಾರು ಹತ್ತಾರು ಸುತ್ತು ತಿರುಗಿ ಭಾರವನ್ನು ಸ್ವಲ್ಪಸ್ವಲ್ಪವೇ ಎತ್ತುತ್ತದೆ. ತಣ್ಣಗಿರುತ್ತದೆ, ತಿಂದ ಕರೆಂಟನ್ನು ಕೆಲಸಕ್ಕೆ ಹಾಕುತ್ತದೆ. ಪುಲ್ಲಿ ಒಂದೂವರೆ ಪಟ್ಟು ದೊಡ್ಡದಾದರೆ ವೇಗವೂ ಒಂದೂವರೆ, ಮೋಟಾರಿನ ಹೆಗಲ ಮೇಲಿನ ಭಾರವೂ ಒಂದೂವರೆ. ಅಷ್ಟೇ ಪ್ರಮಾಣದಲ್ಲಿ ಕರೆಂಟು ಎಳೆಯುತ್ತದೆ, ಕಾವು ಮಾತ್ರ ಎರಡು ಪಟ್ಟಿಗೂ ಮೀರುತ್ತದೆ. ಆ ಹೆಚ್ಚಿನ ಕಾವೆಲ್ಲ ಕಾಯಿಲು ಬೇಯಿಸುವುದಕ್ಕೇ ಹೋಗುತ್ತದೆ. ಇನ್ನು ಅದಿರು ತುಂಬಿದ ಕನ್ವೇಯರನ್ನು ನಿಂತ ಜಾಗದಿಂದ ಎಬ್ಬಿಸಬೇಕೆಂದರೆ ಆ ಮೋಟಾರು ಗುಂಯ್‌ಗುಟ್ಟುತ್ತ ನಿಂತುಬಿಡುವುದೇ ಹೆಚ್ಚು.

"ಅಂಜಿನಿ, ತುಂಬಿದಾಗ ಇದು ಸ್ಟಾರ್ಟ್ ಆಗ್ತೈತೇನು?"

"ಎಲ್ಲಿ ಆಗ್ತದಣ್ಣ! ಮೊದ್ಲು ಟ್ರಿಪ್ ಆಗಿ ಆಗಿ ಸಾಕಾಗಿ, ಭಾರ ಹೆಚ್ಚಾದ್ರ ಕರೆಂಟು ಕಡಿಯೋ ರಿಲೆ ಜಾಸ್ತಿಗೆ ಇಟ್ಟುಬಿಟ್ಟೀವಿ. ಈಗ ಜಾಲರಿ ತಗದು, ಬೆಲ್ಟಿಗೆ ಕೈ ಹಚ್ಚಿ ಒಂದು ಸಲ ಜಗ್ಗಿದ್ರ ಎದ್ದು ಓಡ್ತದ. ಮಲಗಿದ ಎಮ್ಮಿ ಎಬ್ಬಿಸಿದಂಗ."

ಗಾಳೆಪ್ಪನ ಬಾಯಲ್ಲಿ ಮಾತು ಬಂದು ನಿಂತಿತ್ತು. ಸಣ್ಣ ಪುಲ್ಲಿ ವಾಪಸು ಹಾಕಿಸು, ಎಲ್ಲ ಸರಿ ಹೋಗ್ತದ. ಅಷ್ಟೇ ಮಾತು. ಅಷ್ಟರಲ್ಲಿ ಮ್ಯಾನೇಜರ್ ವೀರೇಶ್ ಆಫೀಸಿನ ಕೋಣೆಯಿಂದ ಇಳಿದು ಬಂದ. ಕಂಪ್ಲಿಯ ವ್ಯಾಪಾರಸ್ಥರ ಮನೆಯ ಹುಡುಗ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಎರಡು ಮೊಬೈಲು. "ಗಾಳೆಪ್ಪನವರ, ನೀವು ಬಂದ್ರಿ, ನಮ್ಮ ಪ್ಲಾಂಟು ಉಳೀತು ನೋಡ್ರಿ," ಎಂದು ಎಲ್ಲರೆದುರು ಅವನ ಕೈ ಹಿಡಿದು ಕುಲುಕಿದ. "ಉಳಿದ ಮೋಟಾರು ಎಲ್ಲಾನೂ ಇನ್ನ ನಿಮ್ಮಲ್ಲೇ ಕಳಸ್ತೀವಿ."

ಗಾಳೆಪ್ಪ ನಕ್ಕ. ಪುಲ್ಲಿಯ ಮಾತು ಒಳಗೇ ಉಳಿಯಿತು. ನಾನು ಮೋಟಾರಿನವನು, ಗೇರಿನ ಸುದ್ದಿ ನನಗ್ಯಾಕೆ, ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡ. ಟೆಂಪೋದಲ್ಲಿ ವಾಪಸು ಬರುವಾಗ ತೋರಣಗಲ್ಲಿನ ಕಡೆ ತಿರುಗುವ ಲಾರಿಗಳ ಹಿಂದೆ ಅರ್ಧ ತಾಸು ನಿಲ್ಲಬೇಕಾಯಿತು. ಆ ಅರ್ಧ ತಾಸಿನಲ್ಲಿ ಇನ್ನೊಂದು ಮಾತನ್ನೂ ಅವನು ತನಗೆ ತಾನೇ ಒಪ್ಪಿಕೊಂಡ. ಹೇಳಿದರೆ ಆ ಮೋಟಾರು ಮತ್ತೆ ತನ್ನ ಅಂಗಡಿಗೆ ಬರುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಹೊಳೆಮ್ಮ, "ಹೋದ ಕೆಲಸ ಆತೇನು?" ಎಂದಳು. ಆಯಿತು ಅಂದ.

ನಾಲ್ಕನೇ ಸಲ ಮೋಟಾರು ಬಂದದ್ದು ಸಂಕ್ರಾಂತಿಯ ಮಗ್ಗುಲಲ್ಲಿ. ಅಂಜಿನಯ್ಯ ಎಂದಿನಂತೆ ಬೆಂಚಿನ ಮೇಲೆ ಮಲಗಿದ, ಎಂದಿನಂತೆ ರೊಟ್ಟಿ ಹಂಚಿದ. ಅವನ ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಬೆಲ್ಟು ಜಗ್ಗುವಾಗ ಚರ್ಮ ಕಿತ್ತುಬಂದಿತ್ತಂತೆ. ಗಾಳೆಪ್ಪ ಆ ಬಟ್ಟೆಯನ್ನು ನೋಡಿ, "ಹುಷಾರಲೇ," ಎಂದಷ್ಟೇ ಹೇಳಿದ. ಕಟ್ಟಿದ ಮೋಟಾರನ್ನು ಟೆಂಪೋಕ್ಕೆ ಏರಿಸುವಾಗ ತಾನೂ ಒಂದು ಕಡೆ ಹಿಡಿದ.

ಮಾರ್ಚಿನ ಒಂದು ಬುಧವಾರ ಮುಂಜಾನೆ ಹತ್ತೂವರೆಗೆ ಅಂಗಡಿಯ ಫೋನು ರಿಂಗಾಯಿತು. ಪ್ಲಾಂಟಿನ ವಾಚ್‌ಮನ್ ಹೊನ್ನೂರುಸ್ವಾಮಿ. ಕರೆಂಟು ಹೋಗಿ ಕನ್ವೇಯರು ತುಂಬಿದ್ದಂತೆಯೇ ನಿಂತಿತ್ತು. ಕರೆಂಟು ಬಂದ ಮೇಲೆ ಮೋಟಾರು ಏಳಲಿಲ್ಲ. ಅಂಜಿನಯ್ಯ ಜಾಲರಿ ತೆಗೆದು ಬೆಲ್ಟಿಗೆ ಕೈ ಹಚ್ಚಿದ. ಮೋಟಾರು ಎದ್ದಿತು. ಅಂಗಿಯ ತೋಳು ಪುಲ್ಲಿಗೆ ಸಿಕ್ಕಿತು, ತೋಳಿನ ಹಿಂದೆ ಕೈ, ಕೈಯ ಹಿಂದೆ ಅವನು. ಬಳ್ಳಾರಿ ದವಾಖಾನೆಗೆ ಒಯ್ಯುವಾಗ ಕುರೆಕುಪ್ಪ ದಾಟುವ ಮುಂಚೆಯೇ ಜೀವ ಹೋಗಿತ್ತು.

ಗಾಳೆಪ್ಪ ಫೋನು ಇಟ್ಟು ಬೆಂಚಿನ ಮೇಲೆ ಕೂತ. ಎದುರಿಗೆ ಯಾರದೋ ಪಂಪಿನ ಮೋಟಾರು ಅರ್ಧ ಬಿಚ್ಚಿದ್ದು ಹಾಗೇ ಇತ್ತು. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಹೊಳೆಮ್ಮ ಅವನ ಮುಖ ನೋಡಿ ಅಂಗಡಿಯ ಬಾಗಿಲು ಎಳೆದಳು.

ದರೋಜಿಯಲ್ಲಿ ಮಣ್ಣು ಮಾಡುವಾಗ ಅವನು ಜನರ ಹಿಂದೆ ನಿಂತಿದ್ದ. ಸುಮಲತಾಳ ಮುಖ ನೋಡಲಿಲ್ಲ. ಅಂಜಿನಯ್ಯನ ತಾಯಿ ಮುದುಕಮ್ಮ ಮಾತ್ರ ಅವನನ್ನು ಗುರುತು ಹಿಡಿದು, ಅವನ ಎರಡೂ ಕೈ ಹಿಡಿದುಕೊಂಡು, "ನಿನ್ನ ಹೆಸರು ದಿನಾ ಹೇಳ್ತಿದ್ನಪ್ಪಾ" ಎಂದು ಅತ್ತಳು.

ಒಂಬತ್ತು ದಿನ ಕಳೆದ ಮೇಲೆ ಗಾಳೆಪ್ಪ ಪ್ಲಾಂಟಿಗೆ ಹೋದ. ಕನ್ವೇಯರು ಓಡುತ್ತಿತ್ತು, ಬೇರೆ ಯಾರೋ ಸ್ವಿಚ್ಚಿನ ಹತ್ತಿರ ನಿಂತಿದ್ದ. ವೀರೇಶನ ಕೋಣೆಗೆ ಹೋಗಿ, ಕೂಡ್ರಿ ಎಂದರೂ ಕೂಡದೆ, ನಿಂತೇ ಹೇಳಿದ. ಒಂಬತ್ತು ಇಂಚಿನ ಪುಲ್ಲಿ ತೆಗೆಸಬೇಕು, ಆರು ಇಂಚಿನದು ಹಾಕಬೇಕು, ಮೋಟಾರು ಸುಡುವುದು ಅದರಿಂದಲೇ, ತುಂಬಿದ ಕನ್ವೇಯರು ಏಳದಿರುವುದೂ ಅದರಿಂದಲೇ.

ವೀರೇಶ ಸಿಟ್ಟಾಗುತ್ತಾನೆ, ನಿನಗೇನು ಗೊತ್ತು ಅನ್ನುತ್ತಾನೆ ಎಂದು ಗಾಳೆಪ್ಪ ಎಣಿಸಿದ್ದ. ಅದಕ್ಕಾಗಿ ದಾರಿಯುದ್ದಕ್ಕೂ ಉತ್ತರಗಳನ್ನು ಕೂಡಿಸಿಕೊಂಡು ಬಂದಿದ್ದ. ವೀರೇಶ ಸಿಟ್ಟಾಗಲಿಲ್ಲ. ಕಿಟಕಿಯಿಂದ ಮೋಟಾರಿನ ಕಡೆ ಸ್ವಲ್ಪ ಹೊತ್ತು ನೋಡಿ, ಫಿಟ್ಟರನನ್ನು ಕರೆಸಿದ. ಕನ್ವೇಯರು ನಿಲ್ಲಿಸಿ ಪುಲ್ಲಿ ಬದಲಿಸಲು ಹೇಳಿದ. ಹಳೆಯ ಪುಲ್ಲಿ ಶೆಡ್ಡಿನ ಗೋಡೆಗೆ ಒರಗಿಕೊಂಡೇ ಇತ್ತು. ಅದನ್ನು ಒರೆಸಿ, ಕೂಡಿಸಿ, ಬೆಲ್ಟು ಬಿಗಿ ಮಾಡುವುದಕ್ಕೆ ಎಲ್ಲ ಸೇರಿ ನಲವತ್ತು ನಿಮಿಷ ಹಿಡಿಯಿತು. ಕನ್ವೇಯರಿನ ಮೇಲೆ ಅದಿರು ತುಂಬಿಯೇ ಇತ್ತು. ಹೊಸ ಎಲೆಕ್ಟ್ರೀಷಿಯನ್ ಗುಂಡಿ ಒತ್ತಿದ. ಮೋಟಾರು ಒಂದು ಸಲ ಉಸಿರೆಳೆದಂತಾಗಿ, ಮೆಲ್ಲಗೆ, ಯಾರ ಕೈಯ ಸಹಾಯವೂ ಇಲ್ಲದೆ ಎದ್ದಿತು. ಗಾಳೆಪ್ಪ ಕರೆಂಟು ಅಳೆಯುವ ಮೀಟರು ಹಚ್ಚಿ ನೋಡಿದ. ಮೋಟಾರಿನ ತಗಡಿನ ಮೇಲೆ ಬರೆದ ಮಿತಿಗಿಂತ ಕಡಿಮೆಯೇ ಇತ್ತು.

ವೀರೇಶ ಅವನ ಪಕ್ಕದಲ್ಲಿಯೇ ನಿಂತಿದ್ದ.

"ಇಷ್ಟೇ ಏನ್ರಿ?"

"ಇಷ್ಟೇರಿ."

"ನಾ ಡಿಗ್ರಿ ಮಾಡಿದ್ದು ಕಾಮರ್ಸು. ನಂಗಿದು ತಿಳಿಯಂಗಿಲ್ಲ. ಫಿಟ್ಟರು ಹಾಕ್ತೀನಂದ, ಹಾಕು ಅಂದೆ." ಅವನ ದನಿ ಸಣ್ಣಗಾಯಿತು. "ನೀವು ನಾಕು ಸಲ ಮೋಟಾರು ಕಟ್ಟೀರಿ. ಇಲ್ಲಿಗೂ ಬಂದಿದ್ರಿ. ಆವತ್ತ ಒಂದು ಮಾತು ಹೇಳಿದ್ರ ಆವತ್ತೇ ತಗಸ್ತಿದ್ದೆನಲ್ರೀ. ಯಾಕ ಹೇಳ್ಲಿಲ್ಲ?"

ಬೈಗಳನ್ನು ಎದುರಿಸಲು ಸಜ್ಜಾಗಿ ಬಂದ ಗಾಳೆಪ್ಪನಿಗೆ ಆ ಪ್ರಶ್ನೆಯ ಮುಂದೆ ನಿಲ್ಲಲಾಗಲಿಲ್ಲ. ಮೀಟರನ್ನು ಚೀಲಕ್ಕೆ ಹಾಕಿಕೊಂಡು ಗೇಟಿನ ಕಡೆ ನಡೆದ. ಅಲ್ಲಿ ಹೊನ್ನೂರುಸ್ವಾಮಿ ಅವನನ್ನು ತಡೆದು ನಿಲ್ಲಿಸಿ, ಇನ್ನೊಂದು ಸುದ್ದಿ ಹೇಳಿದ. ದರೋಜಿಯಲ್ಲಿ ಎಲ್ಲರೂ ಅಂಜಿನಯ್ಯನದೇ ತಪ್ಪು ಅನ್ನುತ್ತಿದ್ದಾರಂತೆ, ಓಡುವ ಬೆಲ್ಟಿಗೆ ಯಾರಾದರೂ ಕೈ ಹಾಕುತ್ತಾರೇನು ಎಂದು. ಸುಮಲತಾ ಅಂತೂ ತನ್ನಿಂದಲೇ ಆಯಿತು ಎಂದು ಊಟ ಬಿಟ್ಟಿದ್ದಾಳಂತೆ.

"ಆಕಿಯಿಂದ ಹೆಂಗ?"

"ಆವತ್ತ ಮುಂಜಾನಿ ಇಬ್ರೂ ಜಗಳಾಡಿದ್ರಂತ. ಅಕ್ಕನ ಮಗಳ ಮದುವಿಗೆ ರಜಾ ಹಾಕ್ಲಿಲ್ಲ ಅಂತ ಈಕಿ ಸಿಟ್ಟು ಮಾಡಿ ಡಬ್ಬಿ ಕಟ್ಟಲಿಲ್ಲ. ಅವ ಉಣ್ಣದ ಬಂದ. ಹಸಿದ ಹೊಟ್ಟಿ, ತಲಿ ನೆಟ್ಟಗಿರಲಿಲ್ಲ, ಅದಕ್ಕ ಕೈ ತಪ್ಪಿತು ಅಂತಾಳ."

ಗಾಳೆಪ್ಪ ಹೊಸಪೇಟೆಯ ಬಸ್ಸು ಹತ್ತಲಿಲ್ಲ. ಎರಡು ಬಸ್ಸು ಬದಲಿಸಿ ದರೋಜಿಗೆ ಹೋಗಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು.

ಸುಮಲತಾ ಅಂಗಳದ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅವನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು. "ಬರ್ರಿ ಅಣ್ಣಾ, ಕುಂದ್ರಿ. ನೀರು ತರ್ತೀನಿ."

"ನೀರು ಬ್ಯಾಡವ್ವಾ. ನೀ ಕುಂದ್ರು. ನಿಂಗೊಂದು ಮಾತು ಹೇಳಬೇಕು." ಅವನು ಕೂಡಲಿಲ್ಲ. "ಅಂಜಿನಿ ಹೋಗಿದ್ದು ನಿನ್ನಿಂದಲ್ಲ. ಅವನು ಉಂಡು ಬಂದಿದ್ರೂ ಆ ಬೆಲ್ಟಿಗೆ ಕೈ ಹಚ್ಚತಿದ್ದ. ಹಚ್ಚಲೇಬೇಕಾಗಿತ್ತು. ಹಚ್ಚದಿದ್ರ ಆ ಮೋಟಾರು ಏಳ್ತಿರಲಿಲ್ಲ."

"ಯಾಕ ಏಳ್ತಿರಲಿಲ್ಲ?"

"ಅದು ಯಂತ್ರದ ಸುದ್ದಿ..."

"ನಂಗ ಹೇಳ್ರಿ. ನಾನೂ ತಿಳ್ಕೊಬೇಕು."

ಅಂಗಳದ ಮೂಲೆಯಲ್ಲಿ ಅಂಜಿನಯ್ಯನ ಸೈಕಲ್ಲು ಇತ್ತು. ಗಾಳೆಪ್ಪ ಅದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲು ತಿರುಗಿಸಿದ. ಮುಂದಿನ ಹಲ್ಲಿನ ಚಕ್ರ ದೊಡ್ಡದು, ಹಿಂದಿನದು ಸಣ್ಣದು, ಅದಕ್ಕೇ ಒಂದು ಸಲ ತುಳಿದರೆ ಗಾಲಿ ಮೂರು ಸುತ್ತು ಓಡುತ್ತದೆ ಎಂದು ತೋರಿಸಿದ. ಬಯಲಿನಲ್ಲಿ ಅದು ಚೆನ್ನ. ಹಿಂದೆ ಎರಡು ಮೂಟೆ ಭತ್ತ ಹೇರಿ ಏರಿನ ಮೇಲೆ ನಿಲ್ಲಿಸಿ ತುಳಿ ಅಂದರೆ? ಎದ್ದು ನಿಂತು ತುಳಿದರೂ ಸೈಕಲ್ಲು ಕದಲುವುದಿಲ್ಲ, ತುಳಿಯುವವನ ಎದೆ ಒಡೆಯುತ್ತದೆ. ಯಾರಾದರೂ ಹಿಂದಿನಿಂದ ನೂಕಬೇಕು. ಮುಂದಿನ ಹಲ್ಲಿನ ಚಕ್ರ ಸಣ್ಣದಿದ್ದರೆ ಕಾಲು ಹೆಚ್ಚು ಸಲ ತಿರುಗುತ್ತದೆ, ಸೈಕಲ್ಲು ಮೆಲ್ಲಗೆ ಹೋಗುತ್ತದೆ, ಆದರೆ ಏರು ಹತ್ತುತ್ತದೆ. ತುಳಿಯುವವನ ಎದೆ ಒಡೆಯುವುದಿಲ್ಲ.

"ಅಲ್ಲಿ ದೊಡ್ಡದು ಹಾಕಿದ್ರವ್ವಾ. ಏರಿನ ಮ್ಯಾಲೆ ಭಾರ ಹೇರಿ ನಿಲ್ಸಿದ ಸೈಕಲ್ಲಿನಂಗ ಆ ಮೋಟಾರು. ಪ್ರತಿ ಸಲ ಅಂಜಿನಿ ನೂಕಬೇಕಾಗ್ತಿತ್ತು."

ಅವಳು ತಿರುಗುತ್ತಿದ್ದ ಗಾಲಿಯನ್ನೇ ನೋಡುತ್ತಿದ್ದಳು. ಗಾಲಿ ನಿಂತಿತು.

"ಸಣ್ಣದು ಹಾಕಿದ್ರ?"

"ಇವತ್ತ ಹಾಕಿಸಿ ಬಂದೆ. ತಾನಾಗೇ ಎದ್ದಿತು."

"ಇವತ್ತ," ಎಂದಳು ಸುಮಲತಾ. ಅವಳ ಕಣ್ಣುಗಳಲ್ಲಿ ಏನೋ ಬಿಡಿಸಿಕೊಳ್ಳುತ್ತಿರುವುದು ಗಾಳೆಪ್ಪನಿಗೆ ಕಾಣುತ್ತಿತ್ತು. ಹತ್ತು ದಿನಗಳಿಂದ ಹೊತ್ತಿದ್ದ ಭಾರ ಅವಳ ಹೆಗಲಿನಿಂದ ಜಾರುತ್ತಿತ್ತು. ಅದು ಎಲ್ಲಿಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು. "ನಿಮಗ ಯಾವಾಗ ತಿಳೀತು?"

"ಶ್ರಾವಣದಾಗ."

"ಸಂಕ್ರಾಂತಿಗೆ ಅವರು ನಿಮ್ಮಲ್ಲೇ ಎರಡು ದಿನ ಇದ್ರು. ಬೆರಳಿಗೆ ನಾನೇ ಬಟ್ಟಿ ಕಟ್ಟಿ ಕಳಿಸಿದ್ದೆ."

"ಹೌದವ್ವಾ."

"ನಾ ಕಳಿಸಿದ ರೊಟ್ಟಿ ತಿಂದ್ರಿ."

ಗಾಳೆಪ್ಪ ಸೈಕಲ್ಲಿನ ಸೀಟು ಹಿಡಿದು ನಿಂತಿದ್ದ. ಅವಳು ಒಳಗೆ ಹೋಗಿ ಅತ್ತೆಯನ್ನು ಕೈ ಹಿಡಿದು ಕರೆತಂದು ಕಟ್ಟೆಯ ಮೇಲೆ ಕೂರಿಸಿದಳು. ಆಮೇಲೆ ಅಂಗಳದ ತುದಿಗೆ ಹೋಗಿ ನಿಂತು ಎದುರುಮನೆಯ ಭರಮಮ್ಮನನ್ನು ಕರೆದಳು. ಆಚೆಮನೆಯವರನ್ನೂ ಕರೆದಳು. ದನ ಹೊಡೆದುಕೊಂಡು ಬರುತ್ತಿದ್ದ ಇಬ್ಬರು ಹಾಗೇ ನಿಂತರು.

"ನಮ್ಮ ಮನಿಯವರು ಓಡೋ ಬೆಲ್ಟಿಗೆ ಕೈ ಕೊಟ್ರು, ಹುಚ್ಚ ಅಂತ ಓಣಿ ತುಂಬ ಅಂತೀರಿ. ಇವರು ಹೊಸಪ್ಯಾಟಿ ಗಾಳೆಪ್ಪನವರು. ಕೇಳ್ರಿ." ಅವನ ಕಡೆ ತಿರುಗಿದಳು. "ನನಗ ಹೇಳಿದ್ದು ಇವರಿಗೂ ಹೇಳ್ರಿ. ಎಲ್ಲಾನೂ."

ಗಾಳೆಪ್ಪ ಹೇಳಿದ. ಪೆಡಲು ತಿರುಗಿಸಿ ತೋರಿಸಿದ. ಮೊದಲ ಸಲ ಹೇಳಿದಾಗ ಯಾರೋ, ಅಂದ್ರ ಅಂಜಿನಯ್ಯನ ತಪ್ಪಿಲ್ಲೇನು ಎಂದರು. ಇಲ್ಲ ಎಂದ. ತಡವಾಗಿ ಬಂದವರಿಗೆ ಮತ್ತೊಮ್ಮೆ ಹೇಳಬೇಕಾಯಿತು. ತನಗೆ ಮೊದಲೇ ತಿಳಿದಿತ್ತು ಎಂಬುದನ್ನು ಎರಡು ಸಲವೂ ಬಿಡದೆ ಹೇಳಿದ. ಮಾತು ನಡುವೆ ನಿಂತಾಗ ಸುಮಲತಾ ಕಾದಳು. ಅವನು ಮುಗಿಸುವ ತನಕ ಕಾದಳು. ಭರಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಬ್ಬೊಬ್ಬರಾಗಿ ಜನ ಸರಿದರು.

ಮುದುಕಮ್ಮನಿಗೆ ಪುಲ್ಲಿ, ಗೇರು ಏನೂ ತಿಳಿದಿರಲಿಲ್ಲ. ಸೈಕಲ್ಲನ್ನೂ ಅವನನ್ನೂ ನೋಡುತ್ತ ಕೂತಿದ್ದವಳು ಅಂಗಳ ಖಾಲಿಯಾದ ಮೇಲೆ ಒಂದೇ ಮಾತು ಕೇಳಿದಳು.

"ಕೈ ಹೋಗ್ತದ ಅಂತ ನಿನಗ ಗೊತ್ತಿತ್ತೇನಪ್ಪಾ?"

ಸುಳ್ಳು ಹೇಳಬಹುದಿತ್ತು. ಮೋಟಾರು ಸುಡುವುದು ಗೊತ್ತಿತ್ತು, ಕೈಯ ವಿಚಾರ ಹೊಳೆದಿರಲಿಲ್ಲ ಎನ್ನಬಹುದಿತ್ತು. ಮುದುಕಿ ನಂಬುತ್ತಿದ್ದಳು.

"ಗೊತ್ತಿತ್ತಬೇ," ಎಂದ ಗಾಳೆಪ್ಪ.

ಮುದುಕಮ್ಮ ತಲೆಯಾಡಿಸಿದಳು. ಕಟ್ಟೆಗೆ ಕೈಯೂರಿ ಎದ್ದು, ಗೋಡೆ ಹಿಡಿದು ಹಿಡಿದು ಒಳಗೆ ಹೋದಳು. ಸುಮಲತಾ ಸೈಕಲ್ಲಿನ ಸ್ಟ್ಯಾಂಡು ಸರಿಸಿ, ಅದನ್ನು ಅವನ ಕೈಯಿಂದ ಬಿಡಿಸಿಕೊಂಡು ತಳ್ಳುತ್ತ ಒಳಗೆ ಒಯ್ದಳು. ಬಾಗಿಲು ಮುಚ್ಚಿದ ಸಪ್ಪಳವಾಯಿತು. ಗಾಳೆಪ್ಪ ಅಂಗಳದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಬಸ್ಸಿನ ನಿಲ್ದಾಣದ ದಾರಿ ಹಿಡಿದ. ಕಡೆಯ ಬಸ್ಸು ಹೋಗಿತ್ತು. ಅವನು ನಡೆಯತೊಡಗಿದ.